ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯಲ್ಲಿ ಅನ್ನ, ನೀರು ಮತ್ತು ಜನಾರೋಗ್ಯ: ಒಂದು ಚಾರಿತ್ರಿಕ ಸಮೀಕ್ಷೆ

ಚಿತ್ರದುರ್ಗ ಜಿಲ್ಲೆಯ ಈಶಾನ್ಯ ಭಾಗದಲ್ಲಿರುವ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ಕರ್ನಾಟಕದಲ್ಲಿ ಅತ್ಯಲ್ಪ ಮಳೆ ಬೀಳುವ ಪ್ರದೇಶಗಳ ಸಾಲಿಗೆ ಸೇರಿದವು. ವರ್ಷವೊಂದಕ್ಕೆ ಬೀಳುವ ಮಳೆ ಸುಮಾರು ೫೦ ಸೆಂಟಿಮೀಟರು. ಅದರಲ್ಲಿಯೂ ಹೆಚ್ಚಿನ ಪಾಲು ಸೆಪ್ಟೆಂಬರ್ ಅಕ್ಟೋಬರ್ ತಿಂಗಳುಗಳ ಕೆಲವೇ ಬಿರುಸಾದ ಹೊಯ್ಲುಗಳಲ್ಲಿ ಸುರಿದು ಹೋಗುತ್ತದೆ. ಪಶ್ಚಿಮಘಟ್ಟದ ಮರೆಯಲ್ಲಿರುವ ಈ ಸೀಮೆಗೆ ಮುಂಗಾರು ತಲುಪುವಾಗ ಅದರಲ್ಲಿ ಉಳಿದಿರುವುದು ಬಹುಪಾಲು ಗಾಳಿಯೇ. ಬಾಬಾಬುಡನ್ ಗಿರಿಯ ಆಸರೆಯಲ್ಲಿ ಹುಟ್ಟಿ ಬರುವ ವೇದಾವತಿ, ಇಲ್ಲಿನವರು ಹಗರಿ ಎಂದು ಕರೆಯುವ ಹೊಳೆ, ಪರಶುರಾಂಪುರದ ಕಡೆ ವರ್ಷದ ಬಹುಕಾಲ ಮರಳಿನ ಹಾಸಾಗಿ ಮಲಗಿರುತ್ತದೆ.

ಈ ಸೀಮೆಯ ಜನರ ಆರೋಗ್ಯವನ್ನು ಕುರಿತು ಬರೆಯುವವರು ಬರಗಾಲವೆಂಬ ಒಂದೇ ಶಬ್ದದಿಂದ ಎಲ್ಲವನ್ನೂ ವಿವರಿಸಿಬಿಡುವುದು ವಾಡಿಕೆಯಾಗಿದೆ. ಮಳೆಯಿಲ್ಲ, ಆದ್ದರಿಂದ ಬೆಳೆಯಿಲ್ಲ, ಬೆಳೆಯಿಲ್ಲ, ಆದ್ದರಿಂದ ಅನ್ನವಿಲ್ಲ, ಅನ್ನವಿಲ್ಲದೆಡೆಯಲ್ಲಿ ರೋಗ. ಈ ಸರಪಳಿ ಸುಳ್ಳಲ್ಲ. ಆದರೆ ಕಳೆದ ನೂರೈವತ್ತು ವರ್ಷಗಳ ಚರಿತ್ರೆಯನ್ನು ಬಿಡಿಸಿ ನೋಡಿದರೆ ಇದು ಸಾಲದೆಂದು ತೋರುತ್ತದೆ. ಬರದಿಂದ ಬಂದ ರೋಗಗಳು ಬಹುಮಟ್ಟಿಗೆ ಹಿಂಜರಿದ ಮೇಲೆ, ಬರವನ್ನು ನೀಗಲು ಕೈಗೊಂಡ ಉಪಾಯಗಳಿಂದಲೇ ಬೇರೆ ರೋಗಗಳು ತಲೆಯೆತ್ತಿದವು. ಇದಕ್ಕೆ ಒಂದು ಕಾರಣ, ನಮ್ಮ ಸರ್ಕಾರಗಳೂ ನಮ್ಮ ವಿಜ್ಞಾನಗಳೂ ಅನ್ನದ ಲೆಕ್ಕವನ್ನು ಒಂದು ಪುಸ್ತಕದಲ್ಲಿಯೂ ನೀರಿನ ಲೆಕ್ಕವನ್ನು ಇನ್ನೊಂದು ಪುಸ್ತಕದಲ್ಲಿಯೂ ಇಟ್ಟುಕೊಂಡು ಬಂದದ್ದು. ಮನುಷ್ಯನ ದೇಹವಾದರೋ ಎರಡನ್ನೂ ಒಂದೇ ಹೊಟ್ಟೆಯಲ್ಲಿ ಕೂಡಿಸಿಕೊಳ್ಳುತ್ತದೆ. ಪ್ರಸ್ತುತ ಪ್ರಬಂಧದಲ್ಲಿ ಈ ಎರಡು ಲೆಕ್ಕಗಳನ್ನು ಒಟ್ಟಿಗೆ ಓದಲು ಯತ್ನಿಸಲಾಗಿದೆ.

ಈ ನೆಲದ ಅನ್ನದ ಚರಿತ್ರೆ ಬಹು ಹಳೆಯದು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ೧೮೯೨ರಲ್ಲಿ ಬಿ. ಎಲ್. ರೈಸರು ಅಶೋಕನ ಶಾಸನವನ್ನು ಬೆಳಕಿಗೆ ತಂದರು. ಸಮೀಪದ ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಿಯೂ ಅದರ ಪಾಠಗಳಿವೆ. ಡಾ. ಎಂ. ಎಚ್. ಕೃಷ್ಣ ಅವರ ಉತ್ಖನನಗಳ ನಂತರ ೧೯೪೭ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿ ನಡೆಸಿದ ಅಗೆತದಿಂದ, ಮೌರ್ಯರಿಗಿಂತ ಬಹು ಹಿಂದೆ ನಯಗೊಳಿಸಿದ ಕಲ್ಲುಗೊಡಲಿಗಳನ್ನು ಬಳಸುತ್ತಿದ್ದ ಜನ ಅಲ್ಲಿ ನೆಲೆಸಿದ್ದರೆಂಬುದು ಸ್ಥಿರಪಟ್ಟಿತು. ನೆರೆಯ ಬಳ್ಳಾರಿ ಸೀಮೆಯ ಇದೇ ಬಗೆಯ ನವಶಿಲಾಯುಗದ ನೆಲೆಗಳಲ್ಲಿ ದೊರೆತ ಸುಟ್ಟ ಕಾಳುಗಳನ್ನು ಈಚಿನ ದಶಕಗಳಲ್ಲಿ ಪರೀಕ್ಷಿಸಿದ ಸಸ್ಯಶಾಸ್ತ್ರಜ್ಞರು ಅವುಗಳಲ್ಲಿ ಕೊರಲೆಯನ್ನೂ ಹುರುಳಿಯನ್ನೂ ಹೆಸರನ್ನೂ ಗುರುತಿಸಿದ್ದಾರೆ. ಕೊರಲೆಯೆಂಬ ಕಿರುಧಾನ್ಯ ಇಂದಿಗೂ ತುಮಕೂರು, ಚಿತ್ರದುರ್ಗ ಮತ್ತು ಅನಂತಪುರಗಳು ಕೂಡುವ ಈ ಅಂಚಿನಲ್ಲಿ ಅಲ್ಲಲ್ಲಿ ಬಿತ್ತನೆಯಾಗುತ್ತಿದೆ. ನಾಲ್ಕು ಸಾವಿರ ವರ್ಷಗಳಷ್ಟು ಕಾಲ ಒಂದೇ ಸೀಮೆಯ ಒಲೆಯ ಮೇಲೆ ಬೆಂದ ಧಾನ್ಯ ಪ್ರಪಂಚದಲ್ಲಿ ಹೆಚ್ಚಿಲ್ಲ.

ಹತ್ತೊಂಬತ್ತನೆಯ ಶತಮಾನದವರೆಗಿನ ಊಟದ ಸ್ವರೂಪವನ್ನು ಸ್ಥೂಲವಾಗಿ ಹೀಗೆ ಹೇಳಬಹುದು. ಎರೆನೆಲದಲ್ಲಿ ಜೋಳ; ಕೆಂಪು ಮಸಬು ನೆಲದಲ್ಲಿ ರಾಗಿ, ಸಜ್ಜೆ, ನವಣೆ, ಸಾಮೆ, ಹಾರಕ; ಅಕ್ಕಡಿ ಸಾಲಿನಲ್ಲಿ ತೊಗರಿ, ಅವರೆ, ಅಲಸಂದೆ; ಏನೂ ಬಾರದ ನೆಲದಲ್ಲಿ ಹುರುಳಿ. ನೆಲ್ಲಕ್ಕಿ ಕೆರೆಯ ಹಿಂದಿನ ಅಚ್ಚುಕಟ್ಟಿಗೆ ಮಾತ್ರ ಸೇರಿದ್ದು. ಸಾಮಾನ್ಯರ ಮನೆಯಲ್ಲಿ ಅದು ಹಬ್ಬದ ಊಟ. ಹೊಲದ ಬದುಗಳಲ್ಲಿ ತಾನಾಗಿ ಹುಟ್ಟುವ ಬೆರಕೆ ಸೊಪ್ಪು ಸಾರಿಗೆ. ಇವುಗಳಲ್ಲಿ ರಾಗಿಗೆ ವಿಶೇಷವಾದ ಸ್ಥಾನವಿದ್ದಿತು. ಹಗೇವುಗಳಲ್ಲಿ ಹಾಕಿ ಮುಚ್ಚಿದರೆ ಹುಳು ಹಿಡಿಯದೆ ಹಲವು ವರ್ಷ ಉಳಿಯುತ್ತಿದ್ದ ಧಾನ್ಯ ಅದು; ಆದಕಾರಣ ಒಳ್ಳೆಯ ವರ್ಷದ ರಾಗಿ ಕೆಟ್ಟ ವರ್ಷದ ಅನ್ನವಾಗುತ್ತಿದ್ದಿತು. ಈ ಸಂಚಯದ ಬೆಲೆ ಎಷ್ಟೆಂಬುದನ್ನು ಅಪರಿಚಿತರು ಬೇರೆ ರೀತಿಯಲ್ಲಿ ಕಲಿತರು. ೧೬೯೫ರಲ್ಲಿ ಮರಾಠರ ಸಂತಾಜಿ ಘೋರ್ಪಡೆ ಮೊಗಲ್ ಸರದಾರ ಕಾಸಿಂಖಾನನ ದಂಡನ್ನು ಚಳ್ಳಕೆರೆಯ ಪಕ್ಕದ ದೊಡ್ಡೇರಿಯ ಕೋಟೆಯೊಳಕ್ಕೆ ಅಟ್ಟಿ ಮುತ್ತಿಗೆ ಹಾಕಿದಾಗ, ಆ ಪುಟ್ಟ ಕೋಟೆಯ ದಾಸ್ತಾನು ಅಷ್ಟು ದೊಡ್ಡ ದಂಡಿಗೆ ಕೆಲವೇ ದಿನಗಳಲ್ಲಿ ಬರಿದಾಯಿತು. ಕಾಸಿಂಖಾನ ಅಲ್ಲಿಯೇ ಸತ್ತನು. ಉಳಿದವರು ಹಸಿವಿಗೆ ಸೋತು ಶರಣಾದರು.

ಅನ್ನದ ಇನ್ನೊಂದು ಅರ್ಧ ದನಕರುಗಳದು. ಈ ಸೀಮೆಯ ಮ್ಯಾಸ ಬೇಡರು, ಕಾಡುಗೊಲ್ಲರು, ಕುರುಬರು ಮೂವರೂ ಪಶುಪಾಲನೆಯಿಂದ ಬದುಕು ಕಟ್ಟಿಕೊಂಡವರು. ಮ್ಯಾಸ ಬೇಡರು ತಮ್ಮ ಕುಲದೇವರ ಹೆಸರಿನಲ್ಲಿ ಬಿಟ್ಟ ದೇವರ ಎತ್ತುಗಳನ್ನು ಹೂಡುವುದೂ ಇಲ್ಲ, ಮಾರುವುದೂ ಇಲ್ಲ. ಅವರ ಆಹಾರದ ಕಟ್ಟಳೆಗಳನ್ನು ರೈಸರು ತಮ್ಮ ಗ್ಯಾಸೆಟಿಯರಿನಲ್ಲಿ ದಾಖಲಿಸಿದ್ದಾರೆ: ಹೆಂಡವನ್ನು ಮುಟ್ಟಲಾಗದು, ಹೆಂಡ ಕೊಡುವ ಈಚಲ ಮರವನ್ನೂ ಮುಟ್ಟಲಾಗದು, ಕೋಳಿಯನ್ನು ತಿನ್ನಲಾಗದು. ಸಂಸ್ಥಾನದ ಅಮೃತಮಹಲ್ ಕಾವಲುಗಳೂ ಇಲ್ಲಿ ವಿಸ್ತಾರವಾಗಿದ್ದವು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿಯೆಂದಿದ್ದ ಇಲಾಖೆಗೆ ಅಮೃತಮಹಲ್ ಎಂದು ಹೆಸರಿಟ್ಟವನು ಟಿಪ್ಪುಸುಲ್ತಾನ. ಕಾವಲಿನ ಹುಲ್ಲು, ಹಟ್ಟಿಯ ದನ, ಮನೆಯ ಮಜ್ಜಿಗೆ ಇವು ಒಂದಕ್ಕೊಂದು ಹೆಣೆದುಕೊಂಡಿದ್ದವು. ಬೆಣ್ಣೆ ತುಪ್ಪಗಳು ಸಂತೆಗೆ ಹೋದರೂ ಮಜ್ಜಿಗೆ ಮನೆಯಲ್ಲಿ ಉಳಿಯುತ್ತಿದ್ದಿತು. ಮುದ್ದೆ, ಹುರುಳಿ ಸಾರು, ಸೊಪ್ಪು, ಮಜ್ಜಿಗೆ ಕೂಡಿದ ಊಟದಲ್ಲಿ ಮೂಳೆಗೆ ಬೇಕಾದ ಸುಣ್ಣದಂಶ ಸಾಕಷ್ಟಿದ್ದಿತೆಂಬುದನ್ನು ಇಂದಿನ ಪೋಷಣಶಾಸ್ತ್ರ ಒಪ್ಪುತ್ತದೆ. ಆದರೆ ಈ ಚಿತ್ರವನ್ನು ಕಂಡು ಮೈಮರೆಯಬಾರದು. ದನವಿಲ್ಲದ, ಹೊಲವಿಲ್ಲದ ಆಳುಮಕ್ಕಳ ಪಾಲಿಗೆ ಬರುತ್ತಿದ್ದುದು ತೆಳುವಾದ ಅಂಬಲಿ. ಹಗೇವು ಇದ್ದುದೂ ಉಳ್ಳವರ ಮನೆಯಲ್ಲಿಯೇ. ಹಳೆಯ ಊಟ ಒಳ್ಳೆಯದೆಂದು ಹೇಳುವವರು ಅದು ಯಾರ ಊಟವಾಗಿದ್ದಿತೆಂದೂ ಕೇಳಿಕೊಳ್ಳುವುದು ಉಚಿತ.

ಕುಡಿಯುವ ನೀರಿಗೆ ಮೂರು ಆಶ್ರಯಗಳಿದ್ದವು: ಕೆರೆ, ತೆರೆದ ಬಾವಿ, ಮತ್ತು ಹೊಳೆಹಳ್ಳಗಳ ಮರಳಿನಲ್ಲಿ ತೋಡಿದ ಚಿಲುಮೆ. ಪಾವಗಡ, ಮಧುಗಿರಿಗಳ ಕಡೆ ತಲಪರಿಗೆಯೆಂದು ಪ್ರಸಿದ್ಧವಾದ ಊಟೆಗಳೂ ಇದೇ ಜಾತಿಯವು. ಕೆರೆ ಕಟ್ಟಿಸುವುದು ಪುಣ್ಯಕಾರ್ಯಗಳಲ್ಲಿ ಮೊದಲನೆಯದೆನಿಸಿದ್ದಿತು; ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳು ಊರಿನ ಸುತ್ತ ಐದು ಕೆರೆಗಳನ್ನು ಕಟ್ಟಿಸಿದರೆಂಬ ಪ್ರತೀತಿ ಇಂದಿಗೂ ಜೀವಂತವಾಗಿದೆ. ಈ ನೀರೆಲ್ಲವೂ ಮಳೆಯ ನೀರೇ. ನೆಲದೊಳಗೆ ಹೆಚ್ಚು ಕಾಲ ಇದ್ದುದಲ್ಲ. ರೋಗಾಣುಗಳ ದೃಷ್ಟಿಯಿಂದ ಇದು ಅಪಾಯಕಾರಿಯಾಗಿದ್ದರೂ ಲವಣಗಳ ದೃಷ್ಟಿಯಿಂದ ಸಾಮಾನ್ಯವಾಗಿ ಮೃದುವಾಗಿದ್ದಿತು. ಈ ಭೇದವನ್ನು ಓದುಗರು ನೆನಪಿನಲ್ಲಿಡಬೇಕು.

ಈ ವ್ಯವಸ್ಥೆ ಒಡೆದದ್ದು ಧಾತು ಈಶ್ವರ ಸಂವತ್ಸರಗಳ ಬರದಲ್ಲಿ, ಎಂದರೆ ೧೮೭೬–೭೮ರಲ್ಲಿ. ಮೈಸೂರು ಸಂಸ್ಥಾನ ಆಗ ಬ್ರಿಟಿಷ್ ಕಮಿಷನರರ ಆಡಳಿತದಲ್ಲಿದ್ದಿತು. ೧೮೭೧ರ ಜನಗಣತಿಯಲ್ಲಿ ೫೦,೫೫,೪೧೨ ಇದ್ದ ಸಂಸ್ಥಾನದ ಜನಸಂಖ್ಯೆ ೧೮೮೧ರಲ್ಲಿ ೪೧,೮೬,೧೮೮ಕ್ಕೆ ಇಳಿಯಿತು. ಹತ್ತು ವರ್ಷಗಳಲ್ಲಿ ಆರರಲ್ಲೊಂದು ಪಾಲಿಗಿಂತ ಹೆಚ್ಚು ಜನ ಕಡಿಮೆಯಾದರು. ಮಲೆನಾಡಿಗಿಂತ ಮೂಡಲ ಬಯಲುಸೀಮೆಯೇ ಹೆಚ್ಚು ನೊಂದಿತು. ಸತ್ತವರಲ್ಲಿ ಬರಿಯ ಹಸಿವಿನಿಂದ ಸತ್ತವರೆಷ್ಟೋ ಅಷ್ಟೇ ಮಂದಿ ವಾಂತಿಭೇದಿ, ಆಮಶಂಕೆ, ಜ್ವರಗಳಿಂದ ಸತ್ತವರು. ಕೆರೆಗಳ ತಳದಲ್ಲಿ ಉಳಿದ ಒಂದಿಷ್ಟು ನೀರಿಗೆ ಜನವೂ ದನವೂ ಮುಗಿಬಿದ್ದಾಗ, ನಿತ್ರಾಣವಾದ ದೇಹಕ್ಕೆ ಆ ನೀರೇ ಮೃತ್ಯುವಾಯಿತು.

ಇದೇ ಬರದಲ್ಲಿ, ಮೊಳಕಾಲ್ಮೂರಿನ ಗಡಿಯಾಚೆ, ಪೋಷಣೆಯ ಚರಿತ್ರೆಯಲ್ಲಿ ಸ್ಮರಣೀಯವಾದ ಒಂದು ವಾದ ನಡೆಯಿತು. ಬಳ್ಳಾರಿ, ರಾಯದುರ್ಗಗಳು ಆಗ ಮದ್ರಾಸ್ ಪ್ರಾಂತಕ್ಕೆ ಸೇರಿದ್ದವು. ೧೮೭೭ರ ಪ್ರಾರಂಭದಲ್ಲಿ ಭಾರತ ಸರ್ಕಾರದ ಪ್ರತಿನಿಧಿಯಾಗಿ ಬಂದ ಸರ್ ರಿಚರ್ಡ್ ಟೆಂಪಲ್, ಖರ್ಚು ಮಿತಿಮೀರುತ್ತಿದೆಯೆಂದು ಹೇಳಿ, ಪರಿಹಾರ ಕಾಮಗಾರಿಗಳಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಅರ್ಧ ಆಣೆ ಸಾಕೆಂದು ಗೊತ್ತುಮಾಡಿದರು. ಒಂದು ಪೌಂಡೆಂದರೆ ಸುಮಾರು ೪೫೦ ಗ್ರಾಂ. ಮದ್ರಾಸಿನ ಸ್ಯಾನಿಟರಿ ಕಮಿಷನರರಾಗಿದ್ದ ಡಬ್ಲ್ಯು. ಆರ್. ಕಾರ್ನಿಷ್ ಇದನ್ನು ಬಲವಾಗಿ ವಿರೋಧಿಸಿದರು. ಕಲ್ಲು ಒಡೆಯುವ ದೇಹ ಈ ಪಡಿಯಲ್ಲಿ ಉಳಿಯಲಾರದು, ಧಾನ್ಯದ ತೂಕವೊಂದೇ ಲೆಕ್ಕವಲ್ಲ, ಬೇಳೆ ತರಕಾರಿಗಳೂ ಬೇಕು ಎಂಬುದು ಅವರ ವಾದದ ತಿರುಳು. ಕೆಲವು ತಿಂಗಳುಗಳಲ್ಲಿಯೇ ಮದ್ರಾಸ್ ಸರ್ಕಾರ ಆ ಕೂಲಿಯನ್ನು ಕೈಬಿಟ್ಟು ಹೆಚ್ಚಿಸಿತು. ಮನುಷ್ಯನಿಗೆ ಎಷ್ಟು ಅನ್ನ ಬೇಕೆಂಬ ಪ್ರಶ್ನೆ ನಮ್ಮ ದೇಶದ ಆಡಳಿತದ ಕಡತಗಳಲ್ಲಿ ವೈದ್ಯಶಾಸ್ತ್ರದ ಪ್ರಶ್ನೆಯಾಗಿ ತೀವ್ರವಾಗಿ ಚರ್ಚೆಗೆ ಬಂದದ್ದು ಈ ಸಂದರ್ಭದಲ್ಲಿ. ಕಾರ್ನಿಷರ ಪಕ್ಷವೇ ಸರಿಯಾದುದೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೂ ಇಬ್ಬರೂ ತೂಗಿದ್ದು ಅನ್ನವನ್ನೇ. ಕಾಮಗಾರಿಯ ಬಳಿ ಜನ ಕುಡಿಯುತ್ತಿದ್ದ ನೀರು ಆ ವಾದದ ತಕ್ಕಡಿಗೆ ಏರಲಿಲ್ಲ. ಅದು ಬೇರೆ ಶೀರ್ಷಿಕೆಯ ಕಡತದಲ್ಲಿ ಉಳಿಯಿತು.

ಬರದ ಪಾಠದಿಂದ ಸಂಸ್ಥಾನ ನೀರಾವರಿಯ ಕಡೆ ತಿರುಗಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ರಾಜಪ್ರತಿನಿಧಿಯಾಗಿದ್ದಾಗ, ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟೆಯ ಕೆಲಸ ಆರಂಭವಾಗಿ ೧೯೦೭ರಲ್ಲಿ ಮುಗಿಯಿತು. ಹೊಳೆಯ ಮೇಲುಭಾಗದಲ್ಲಿ ನಿಂತ ಈ ನೀರು ಹಿರಿಯೂರಿಗೆ ತೋಟ ಗದ್ದೆಗಳನ್ನು ಕೊಟ್ಟಿತು. ಕೆಳಗಿರುವ ಚಳ್ಳಕೆರೆಗೆ ಬರುತ್ತಿದ್ದ ಪ್ರವಾಹ ಅಷ್ಟರಮಟ್ಟಿಗೆ ತಗ್ಗಿತು. ಜಲಾಶಯ ತುಂಬಿ ಕೋಡಿ ಹರಿದದ್ದು ೧೯೩೩ರಲ್ಲಿ ಒಮ್ಮೆ. ಆಮೇಲೆ ೨೦೨೨ರವರೆಗೆ ಎಂಬತ್ತೊಂಬತ್ತು ವರ್ಷ ಹರಿಯಲಿಲ್ಲವೆಂಬುದರಿಂದಲೇ ಈ ನದಿಯ ಶಕ್ತಿ ಎಷ್ಟೆಂದು ತಿಳಿಯಬಹುದು. ಹಿರಿಯೂರಿಗಾದರೂ ನೀರು ಒಂಟಿಯಾಗಿ ಬರಲಿಲ್ಲ. ಮಲೇರಿಯಾವನ್ನು ಜೊತೆಗೆ ಕರೆತಂದಿತು. ಕಾಲುವೆಗಳ ಜೌಗಿನಲ್ಲಿ ಸೊಳ್ಳೆ ಬೆಳೆಯಿತು. ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮೈಸೂರಿನ ಆರೋಗ್ಯ ಇಲಾಖೆ ಮಲೇರಿಯಾ ಸಂಶೋಧನೆಗೆ ತೆರೆದ ಕ್ಷೇತ್ರಕೇಂದ್ರಗಳಲ್ಲಿ ಮೂಡಿಗೆರೆ, ನಾಗೇನಹಳ್ಳಿಗಳೊಡನೆ ಹಿರಿಯೂರೂ ಒಂದಾಗಿದ್ದಿತು. ಡಾ. ಡಬ್ಲ್ಯು. ಸಿ. ಸ್ವೀಟ್ ೧೯೩೦ರ ದಶಕದಲ್ಲಿ ನೀರಾವರಿಗೂ ಮಲೇರಿಯಾಕ್ಕೂ ಇರುವ ನಂಟನ್ನು ಮೈಸೂರಿನ ಅನುಭವದಿಂದ ಪ್ರತಿಪಾದಿಸಿದರು. ಮುಂದೆ ೧೯೫೩ರ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಮತ್ತು ಡಿ.ಡಿ.ಟಿ.ಗಳಿಂದ ಈ ಜ್ವರ ಹಿಂಜರಿಯಿತು. ಬರಕ್ಕೆ ಮಾಡಿದ ಮದ್ದು ಬೇರೊಂದು ರೋಗಕ್ಕೆ ತವರಾದ ಮೊದಲ ದೃಷ್ಟಾಂತ ಇದು, ಕೊನೆಯದಲ್ಲ.

ಈಗ ೧೯೩೭ನೆಯ ಇಸವಿಗೆ ಬರೋಣ. ಆ ವರ್ಷ ಮದ್ರಾಸ್ ಪ್ರಾಂತದಲ್ಲಿ ಎರಡು ಕೃತಿಗಳು ಹೊರಬಂದವು. ಒಂದು, ಕೂನೂರಿನ ಪೋಷಣ ಸಂಶೋಧನಾಲಯದ ಮುಖ್ಯಸ್ಥ ಡಬ್ಲ್ಯು. ಆರ್. ಐಕ್ರಾಯ್ಡ್ ಸಿದ್ಧಪಡಿಸಿದ, ಭಾರತೀಯ ಆಹಾರಗಳ ಪೋಷಕ ಮೌಲ್ಯವನ್ನು ಕುರಿತ ಆರೋಗ್ಯ ಪತ್ರಿಕೆ. ಈ ಸಂಶೋಧನಾಲಯ ೧೯೧೮ರಲ್ಲಿ ರಾಬರ್ಟ್ ಮೆಕ್ಯಾರಿಸನ್ ಅವರ ಬೆರಿಬೆರಿ ವಿಚಾರಣೆಯಿಂದ ಬೆಳೆದದ್ದು; ೧೯೫೮ರಲ್ಲಿ ಹೈದರಾಬಾದಿಗೆ ಸ್ಥಳಾಂತರವಾಗಿ ಈಗ ರಾಷ್ಟ್ರೀಯ ಪೋಷಣ ಸಂಸ್ಥೆಯೆನಿಸಿದೆ. ರಾಗಿಯಲ್ಲಿ ಸುಣ್ಣದಂಶ ಎಷ್ಟು, ಅಕ್ಕಿಯಲ್ಲಿ ಎಷ್ಟು ಎಂಬಂಥ ಸಂಗತಿಗಳು ಕೋಷ್ಟಕದ ರೂಪದಲ್ಲಿ ಶಾಲಾ ಕಾಲೇಜುಗಳಿಗೆ ತಲುಪಿದ್ದು ಈ ಪತ್ರಿಕೆಯ ಪರಂಪರೆಯಿಂದ. ಎರಡನೆಯದು, ಎಚ್. ಇ. ಶಾರ್ಟ್ ಮತ್ತು ಅವರ ಸಹೋದ್ಯೋಗಿಗಳು ನೆಲ್ಲೂರು ಜಿಲ್ಲೆಯ ಹಳ್ಳಿಗಳನ್ನು ಕುರಿತು ಪ್ರಕಟಿಸಿದ ವರದಿ. ಅಲ್ಲಿನ ಜನರ ಹಲ್ಲುಗಳ ಮೇಲೆ ಕಂದು ಕಲೆ, ಬೆನ್ನುಮೂಳೆಯ ಬಿಗಿತ, ಕೀಲುಗಳ ಜಡತೆ. ಇವಕ್ಕೆಲ್ಲ ಬಾವಿಯ ನೀರಿನಲ್ಲಿದ್ದ ಫ್ಲೋರೈಡು ಕಾರಣವೆಂದು ಅವರು ತೋರಿಸಿದರು. ಭಾರತದಲ್ಲಿ ಸ್ಥಳೀಯ ಫ್ಲೋರೋಸಿಸ್ ರೋಗದ ಚರಿತ್ರೆ ಇಲ್ಲಿಂದ ಮೊದಲಾಗುತ್ತದೆ. ಒಂದೇ ಪ್ರಾಂತ, ಒಂದೇ ವರ್ಷ. ಒಂದು ಅನ್ನದ ಪುಸ್ತಕ, ಇನ್ನೊಂದು ನೀರಿನ ಪುಸ್ತಕ. ಮೂಳೆಯ ಸುಣ್ಣವೇ ಎರಡಕ್ಕೂ ಸಮಾನವಾದ ವಿಷಯವಾಗಿದ್ದರೂ ಇವು ಬಹುಕಾಲ ಒಂದನ್ನೊಂದು ಸಂಧಿಸಲಿಲ್ಲ.

ನೆಲ್ಲೂರು ದೂರದ್ದೆಂದು ಓದುಗರಿಗೆ ತೋರಬಹುದು. ಆದರೆ ನೆಲದೊಳಗಿನ ಕಲ್ಲಿಗೆ ಪ್ರಾಂತಗಳ ಎಲ್ಲೆಯಿಲ್ಲ. ಚಳ್ಳಕೆರೆ, ಮೊಳಕಾಲ್ಮೂರು, ಪಾವಗಡ, ಅನಂತಪುರಗಳ ತಳಹದಿಯಾದ ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿ ಫ್ಲೋರಿನ್ ಉಳ್ಳ ಖನಿಜಗಳಿವೆ. ಮಳೆ ಕಡಿಮೆ, ಆವಿಯಾಗುವುದು ಹೆಚ್ಚು. ಆದ್ದರಿಂದ ನೀರು ಬಂಡೆಯ ಬಿರುಕುಗಳಲ್ಲಿ ದೀರ್ಘಕಾಲ ನಿಂತು ಕ್ಷಾರಗುಣ ಪಡೆಯುತ್ತದೆ, ಅದರಲ್ಲಿನ ಸುಣ್ಣದಂಶ ಕಲ್ಲಾಗಿ ಕೂಡುತ್ತದೆ, ಫ್ಲೋರೈಡು ಕರಗಿ ಉಳಿಯುತ್ತದೆ. ತೆರೆದ ಬಾವಿಗಳು ನಿರ್ದೋಷಿಗಳೆಂದು ಇದರ ಅರ್ಥವಲ್ಲ. ಶಾರ್ಟ್ ಪರೀಕ್ಷಿಸಿದ ಕಾಲಕ್ಕೆ ಕೊಳವೆಬಾವಿಗಳು ಇನ್ನೂ ಬಂದಿರಲಿಲ್ಲ. ಕೆರೆಯ ನೀರು, ಮರಳಿನ ಚಿಲುಮೆ, ಮಳೆಗಾಲದಲ್ಲಿ ತುಂಬುವ ಆಳವಿಲ್ಲದ ಬಾವಿ ಇವು ಹೆಚ್ಚು ಸುರಕ್ಷಿತವಾಗಿದ್ದವೆಂದಷ್ಟೇ ಹೇಳಬಹುದು.

ಇಷ್ಟರಲ್ಲಿ ಹೊಲಗಳ ಬಣ್ಣ ಬದಲಾಯಿತು. ಇಪ್ಪತ್ತನೆಯ ಶತಮಾನದಲ್ಲಿ ಶೇಂಗಾ ಬೆಳೆ ಹಬ್ಬಿ, ಕೆಂಪು ನೆಲದ ಕಿರುಧಾನ್ಯಗಳನ್ನು ಒಂದೊಂದಾಗಿ ಹಿಂದಕ್ಕೆ ತಳ್ಳಿತು. ಚಳ್ಳಕೆರೆ ಎಣ್ಣೆಯ ಗಿರಣಿಗಳ ಊರಾಗಿ ಎಣ್ಣೆನಗರಿಯೆಂಬ ಹೆಸರು ಪಡೆಯಿತು. ಶೇಂಗಾದ ಕಾಳಿನಲ್ಲಿ ನೂರಕ್ಕೆ ಇಪ್ಪತ್ತೈದರಷ್ಟು ಪ್ರೋಟೀನ್ ಇದೆ. ಬೆಳೆದವರು ಅದನ್ನು ತಿಂದಿದ್ದರೆ ಈ ಸೀಮೆಯ ಮಕ್ಕಳಿಗೆ ಪೋಷಣೆಯ ಕೊರತೆಯಿರುತ್ತಿರಲಿಲ್ಲ. ಆದರೆ ಅದು ಹಣದ ಬೆಳೆ. ಎಣ್ಣೆ ದೂರದ ಪೇಟೆಗೆ, ಹಿಂಡಿ ಇನ್ನೂ ದೂರಕ್ಕೆ. ೧೯೫೦ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯ, ಶೇಂಗಾದ ಹಿಟ್ಟಿಗೆ ಕಡಲೆಯ ಹಿಟ್ಟನ್ನು ಬೆರೆಸಿ ಬಹೂಪಯೋಗಿ ಆಹಾರವೊಂದನ್ನು ತಯಾರಿಸಿ, ಹಿಂಡಿಯನ್ನು ಮನುಷ್ಯರ ಊಟಕ್ಕೆ ತರಲು ಶ್ರಮಿಸಿತು. ೧೯೬೦ರಲ್ಲಿ ಇಂಗ್ಲೆಂಡಿನಲ್ಲಿ ಶೇಂಗಾ ಹಿಂಡಿ ತಿಂದ ಟರ್ಕಿಕೋಳಿಗಳು ಸಾಮೂಹಿಕವಾಗಿ ಸತ್ತು, ಬೂಜಿನಿಂದ ಹುಟ್ಟುವ ಆಫ್ಲಟಾಕ್ಸಿನ್ ಎಂಬ ವಿಷ ಪತ್ತೆಯಾದ ಮೇಲೆ ಆ ಪ್ರಯತ್ನಕ್ಕೂ ಎಚ್ಚರಿಕೆಯ ಎಲ್ಲೆ ಬಿದ್ದಿತು. ೧೯೯೦ರ ದಶಕದಲ್ಲಿ ಹೊರದೇಶದ ತಾಳೆ ಎಣ್ಣೆಗೆ ಬಾಗಿಲು ತೆರೆದ ಮೇಲೆ ಗಿರಣಿಗಳೂ ಸೊರಗಿದವು. ಆದರೆ ಹೊಲಗಳು ರಾಗಿ ನವಣೆಗಳಿಗೆ ಹಿಂದಿರುಗಲಿಲ್ಲ.

ಮೊಳಕಾಲ್ಮೂರಿನ ನೇಕಾರರ ವಿಷಯ ಬೇರೆಯೇ ಪ್ರಬಂಧವನ್ನು ಬೇಡುತ್ತದೆ. ರೇಷ್ಮೆ ಸೀರೆಗೆ ಹೆಸರಾದ ಈ ಊರಿನಲ್ಲಿ ಗುಣಿಮಗ್ಗದ ಮುಂದೆ ಹಗಲೆಲ್ಲ ಕುಳಿತು ದುಡಿಯುವವನಿಗೆ ಹೊಲವಿಲ್ಲ, ಹಟ್ಟಿಯಿಲ್ಲ; ಅವನ ಊಟ ಪೂರ್ತಿಯಾಗಿ ಅಂಗಡಿಯದು. ಸಾಮಾನ್ಯ ರೈತನ ಮನೆಗೆ ೧೯೭೦ರ ನಂತರ ಬಂದ ಸ್ಥಿತಿ ನೇಕಾರನಿಗೆ ಎರಡು ತಲೆಮಾರು ಮುಂಚೆಯೇ ಬಂದಿದ್ದಿತು ಎಂದಷ್ಟು ಮಾತ್ರ ಇಲ್ಲಿ ಹೇಳಬಹುದು.

೧೯೬೫–೬೬ರ ಮತ್ತು ೧೯೭೨ರ ಬರಗಳ ನಂತರ ದೇಶದಾದ್ಯಂತ ಯಂತ್ರದಿಂದ ಬಂಡೆ ಕೊರೆದು ಕೈಪಂಪು ನೆಡುವ ಕಾರ್ಯ ಭರದಿಂದ ನಡೆಯಿತು. ಇದರ ಸತ್ಫಲವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ವಾಂತಿಭೇದಿ ಊರೂರನ್ನು ಗುಡಿಸಿಹಾಕುವ ಕಾಲ ಮುಗಿಯಿತು. ಹೆಂಗಸರು ಹರದಾರಿ ನಡೆದು ಚಿಲುಮೆಯ ಮುಂದೆ ಕಾಯುವ ಕಷ್ಟ ಎಷ್ಟೋ ತಗ್ಗಿತು. ರೋಗಾಣುಗಳಿಲ್ಲದ, ಕಣ್ಣಿಗೆ ತಿಳಿಯಾದ, ನಾಲಗೆಗೆ ದೋಷ ತೋರದ ನೀರು ಅದು. ನೀರಾವರಿಗೂ ಕೊಳವೆಬಾವಿಗಳು ಹೆಚ್ಚಿ, ಅಂತರ್ಜಲ ಇಳಿದಂತೆಲ್ಲ ಇನ್ನಷ್ಟು ಆಳಕ್ಕೆ ಕೊರೆಯಬೇಕಾಯಿತು. ಕೆರೆಗಳು ಹೂಳು ತುಂಬಿ ಉಪೇಕ್ಷೆಗೆ ಗುರಿಯಾದವು. ಲೀಟರಿಗೆ ೧.೫ ಮಿಲಿಗ್ರಾಂ ಎಂಬ ಫ್ಲೋರೈಡಿನ ಮೇರೆಯನ್ನು ಮೀರಿದ ನೀರು ಎರಡೂ ತಾಲ್ಲೂಕುಗಳ ಅನೇಕ ಹಳ್ಳಿಗಳಲ್ಲಿ ಕಂಡುಬಂದಿದೆ. ಈ ಮೇರೆಯೂ ಸಮಶೀತೋಷ್ಣ ದೇಶಗಳ ಲೆಕ್ಕಕ್ಕೆ ಹೆಚ್ಚು ಒಪ್ಪುವಂಥದು. ಬಿರುಬಿಸಿಲಿನಲ್ಲಿ ಕಳೆ ಕೀಳುವ ಕೂಲಿಯವಳು ದಿನಕ್ಕೆ ಕುಡಿಯುವ ನೀರು ನೆರಳಿನಲ್ಲಿ ಕುಳಿತವನು ಕುಡಿಯುವುದಕ್ಕಿಂತ ಬಹಳ ಹೆಚ್ಚು. ಆದ್ದರಿಂದ ಒಂದೇ ಬಾವಿಯಿಂದ ಅವಳ ದೇಹ ಸೇರುವ ಫ್ಲೋರೈಡೂ ಹೆಚ್ಚು. ಅದೇ ನೀರಿನಲ್ಲಿ ಮುದ್ದೆಯೂ ಬೇಯುತ್ತದೆ, ಸಾರೂ ಕುದಿಯುತ್ತದೆ.

ಅನ್ನದ ಮತ್ತು ನೀರಿನ ಲೆಕ್ಕಗಳು ಕೊನೆಗೂ ಒಂದೆಡೆ ಸೇರಿದ್ದು ನಲ್ಗೊಂಡದಲ್ಲಿ. ರಾಷ್ಟ್ರೀಯ ಪೋಷಣ ಸಂಸ್ಥೆಯ ಕೆ. ಎ. ವಿ. ಆರ್. ಕೃಷ್ಣಮಾಚಾರಿ ಮತ್ತು ಕಮಲಾ ಕೃಷ್ಣಸ್ವಾಮಿ ೧೯೭೩ರಲ್ಲಿ ಆ ಜಿಲ್ಲೆಯ ಎಳೆಯರಲ್ಲಿ ಮೊಳಕಾಲುಗಳು ಒಳಬಾಗಿ ಪಾದಗಳು ದೂರ ಸರಿಯುವ ವಿಕಾರವನ್ನು ವರ್ಣಿಸಿದರು. ಫ್ಲೋರೈಡಿನ ಜೊತೆಗೆ ಊಟದ ಸ್ವರೂಪವೂ ಇದಕ್ಕೆ ಕಾರಣವೆಂದು ಆ ಸಂಸ್ಥೆಯ ಮುಂದಿನ ಸಂಶೋಧನೆಗಳು ಸೂಚಿಸಿದವು. ಸುಣ್ಣದಂಶ ಕಡಿಮೆಯಿರುವ ಊಟ ಮಾಡುವವರಲ್ಲಿ ಫ್ಲೋರೈಡಿನ ಹಾವಳಿ ಉಲ್ಬಣಿಸುತ್ತದೆ. ಕರುಳಿನಲ್ಲಿ ಸುಣ್ಣದಂಶವಿದ್ದರೆ ಅದು ಫ್ಲೋರೈಡನ್ನು ಕಟ್ಟಿಹಾಕಿ ಹೊರಗೆ ಕಳಿಸುತ್ತದೆ. ಜ್ವರಕ್ಕೆ ಜ್ವರಾಣು ಕಾರಣವೆಂಬಂತೆ ಇಲ್ಲಿ ಒಂದೇ ಕಾರಣವನ್ನು ಬೆರಳಿಟ್ಟು ತೋರಿಸಲಾಗದು. ಒಂದೇ ಕೈಪಂಪಿನ ನೀರು ಕುಡಿದ ಎರಡು ಮನೆಗಳಲ್ಲಿ ಎಮ್ಮೆಯಿದ್ದ ಮನೆಯ ಮಗುವಿಗೂ ಇಲ್ಲದ ಮನೆಯ ಮಗುವಿಗೂ ಒಂದೇ ಗತಿಯಾಗುವುದಿಲ್ಲ.

ಈ ಬೆಳಕಿನಲ್ಲಿ ನಮ್ಮ ಎರಡು ತಾಲ್ಲೂಕುಗಳ ಊಟದ ಬದಲಾವಣೆಗೆ ಹೊಸ ಅರ್ಥ ಬರುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು ೩೪೪ ಮಿಲಿಗ್ರಾಂ ಸುಣ್ಣದಂಶವಿದ್ದರೆ, ಗಿರಣಿಯ ಅಕ್ಕಿಯಲ್ಲಿ ಇರುವುದು ೧೦ ಮಿಲಿಗ್ರಾಂ. ಹುರುಳಿಯಲ್ಲಿ ೨೮೭. ನ್ಯಾಯಬೆಲೆ ಅಂಗಡಿಗಳ ಮೂಲಕ, ವಿಶೇಷವಾಗಿ ೨೦೧೩ರ ಅನ್ನಭಾಗ್ಯ ಯೋಜನೆಯ ನಂತರ, ಅಕ್ಕಿ ಬಡವರ ದಿನದ ಊಟವಾಯಿತು. ಹಸಿವನ್ನು ಅದು ನೀಗಿದೆ. ಧಾತು ಈಶ್ವರದ ಸಾವುಗಳನ್ನು ಬಲ್ಲವರು ಇದನ್ನು ಹಗುರವಾಗಿ ಕಾಣಲಾರರು. ಆದರೆ ಆಳದ ಬಾವಿಯ ನೀರು ಮೂಳೆಯ ಮೇಲೆ ಹೊರೆ ಹೊರಿಸಿದ ಕಾಲದಲ್ಲಿಯೇ, ಆ ಹೊರೆಯನ್ನು ತಡೆಯಬಲ್ಲ ರಾಗಿ, ಹುರುಳಿ, ಬೆರಕೆ ಸೊಪ್ಪು, ಮಜ್ಜಿಗೆಗಳು ಊಟದಿಂದ ಸರಿದವು. ಎರಡು ಇಲಾಖೆಗಳು ಎರಡು ಸದುದ್ದೇಶಗಳಿಂದ ಮಾಡಿದ ಕಾರ್ಯಗಳು ಒಂದೇ ದೇಹದಲ್ಲಿ ಎದುರುಬದುರಾದವು.

ಈಚೆಗೆ ಕಿರುಧಾನ್ಯಗಳ ಪರವಾಗಿ ಎದ್ದಿರುವ ಉತ್ಸಾಹಕ್ಕೂ ಇಲ್ಲಿ ಒಂದು ತಿದ್ದುಪಡಿ ಬೇಕು. ವಿಶ್ವಸಂಸ್ಥೆ ೨೦೨೩ನೆಯ ವರ್ಷವನ್ನು ಸಿರಿಧಾನ್ಯಗಳಿಗೆ ಮೀಸಲಿಟ್ಟ ಮೇಲೆ ಎಲ್ಲ ಕಿರುಧಾನ್ಯಗಳನ್ನೂ ಒಂದೇ ತಕ್ಕಡಿಯಲ್ಲಿ ಹೊಗಳುವುದು ರೂಢಿಯಾಗಿದೆ. ಸುಣ್ಣದಂಶದ ಮಟ್ಟಿಗೆ ರಾಗಿಯ ಹತ್ತಿರ ಬರುವ ಧಾನ್ಯ ಬೇರೊಂದಿಲ್ಲ. ನವಣೆ, ಸಾಮೆ, ಸಜ್ಜೆ, ಜೋಳಗಳು ಈ ವಿಷಯದಲ್ಲಿ ಅಕ್ಕಿಗಿಂತ ಸ್ವಲ್ಪವೇ ಮೇಲು. ನಲ್ಗೊಂಡದ ವಿಕಾರ ಜೋಳವೇ ಮುಖ್ಯ ಆಹಾರವಾದವರಲ್ಲಿ ಹೆಚ್ಚೆಂದು ಕಂಡುಬಂದು, ಜೋಳದಲ್ಲಿನ ಮಾಲಿಬ್ಡಿನಮ್ ದೇಹದ ತಾಮ್ರದ ಅಂಶವನ್ನು ಕಳೆಯುವುದೇ ಅದಕ್ಕೆ ಕಾರಣವಿರಬೇಕೆಂದು ಅದೇ ಸಂಶೋಧಕರು ಊಹಿಸಿದ್ದರು.

ಹಾಲಿನ ಮೂಲವಾದ ಹುಲ್ಲುಗಾವಲಿನ ಕಥೆಯೂ ಇದಕ್ಕೆ ಸೇರಿದ್ದು. ಚಳ್ಳಕೆರೆ ತಾಲ್ಲೂಕಿನ ಕುದಾಪುರ, ವರವು, ಉಳ್ಳಾರ್ತಿ ಕಾವಲುಗಳ ಸಾವಿರಾರು ಎಕರೆ ಭೂಮಿಯನ್ನು ೨೦೦೮ರಿಂದೀಚೆಗೆ ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹಂಚಲಾಯಿತು. ಇದನ್ನು ಪ್ರಶ್ನಿಸಿದ ಅರ್ಜಿಗಳು ೨೦೧೩ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆ ಬಂದವು. ಅಲ್ಲಿ ವಾದವೆದ್ದದ್ದು ಹುಲ್ಲುಗಾವಲಿನ ಪರಿಸರ, ಪಕ್ಷಿಸಂಕುಲ, ಕುರಿ ದನಗಳ ಮೇವು ಇವುಗಳ ಸುತ್ತ. ಕಾವಲಿನ ಹುಲ್ಲಿಗೂ ಸುತ್ತಣ ಹಳ್ಳಿಯ ಮಕ್ಕಳ ಮೂಳೆಗೂ ಇರುವ ಸಂಬಂಧವನ್ನು ಮೇಲೆ ಹೇಳಿದ ಸಂಗತಿಗಳು ಸ್ಪಷ್ಟಪಡಿಸಬಹುದು. ೨೦೧೩ರಲ್ಲಿಯೇ ಆರಂಭವಾದ ಕ್ಷೀರಭಾಗ್ಯ ಯೋಜನೆ ಶಾಲೆಯ ಮಕ್ಕಳಿಗೆ ಹಾಲು ಕೊಟ್ಟಿತು. ಹಟ್ಟಿಯ ಹಾಲಿಗೆ ಬದಲು ಪುಡಿಯ ಹಾಲು ಬಂದಿತೆಂದು ಕೊರಗುವವರಿದ್ದಾರೆ. ಆಳುಮಕ್ಕಳ ಮಕ್ಕಳಿಗೆ ಹಟ್ಟಿಯ ಹಾಲು ಹಿಂದೆಯೂ ಇರಲಿಲ್ಲವೆಂಬುದನ್ನು ಅವರು ಮರೆಯುತ್ತಾರೆ.

ಈಗ ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳು ನಿಂತಿವೆ. ತುಂಗಭದ್ರೆಯ ಹಿನ್ನೀರನ್ನು ಈ ಸೀಮೆಗೆ ತರುವ ಬಹುಗ್ರಾಮ ಯೋಜನೆಯನ್ನೂ ಸರ್ಕಾರ ಕೈಗೊಂಡಿತು. ಘಟಕದ ನೀರಿನಲ್ಲಿ ಫ್ಲೋರೈಡು ತಗ್ಗುತ್ತದೆ; ಅದರೊಡನೆ ಸುಣ್ಣದಂಶವೂ ತಗ್ಗುತ್ತದೆ. ದುಡ್ಡು ಕೊಟ್ಟು ಕ್ಯಾನಿನಲ್ಲಿ ತಂದ ನೀರು ಕುಡಿಯುವುದಕ್ಕಷ್ಟೇ ಆಗಿ, ಅಡಿಗೆಗೆ ಕೊಳವೆಬಾವಿಯ ನೀರೇ ಬಳಕೆಯಾದರೆ ಲಾಭದ ಒಂದು ಪಾಲು ಒಲೆಯ ಮೇಲೆಯೇ ನಷ್ಟವಾಗುತ್ತದೆ.

ಇತಿಹಾಸದ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಇಲ್ಲಿ ಕೈಗೆಟುಕುವ ಒಂದು ಆಧಾರವಿದೆ. ಹಲ್ಲಿನ ಮೇಲೆ ಫ್ಲೋರೈಡಿನ ಕಲೆ ಬೀಳುವುದು ಬಾಲ್ಯದ ಮೊದಲ ಎಂಟು ವರ್ಷಗಳಲ್ಲಿ, ದಂತಕವಚ ರೂಪುಗೊಳ್ಳುವಾಗ ಮಾತ್ರ. ಅನಂತರ ಎಷ್ಟು ನೀರು ಕುಡಿದರೂ ಆ ಹಲ್ಲುಗಳಿಗೆ ಹೊಸ ಕಲೆ ಬೀಳುವುದಿಲ್ಲ, ಬಿದ್ದದ್ದು ಹೋಗುವುದೂ ಇಲ್ಲ. ಎಂದರೆ ಪ್ರತಿಯೊಬ್ಬನ ಬಾಯಲ್ಲಿಯೂ ಅವನು ಹುಟ್ಟಿದ ವರ್ಷದಿಂದ ಎಂಟು ವರ್ಷಗಳವರೆಗೆ ಆ ಊರಿನಲ್ಲಿ ಕುಡಿದ ನೀರಿನ ದಾಖಲೆಯಿದೆ. ಒಂದು ಹಳ್ಳಿಯ ಅಜ್ಜ, ಮಗ, ಮೊಮ್ಮಗ ಮೂವರ ಹಲ್ಲುಗಳನ್ನು ಅವರವರ ಜನ್ಮವರ್ಷದೊಡನೆ ಬರೆದಿಟ್ಟುಕೊಂಡು, ಅದರ ಪಕ್ಕದಲ್ಲಿ ಆ ಊರಿನ ಮೊದಲ ಕೈಪಂಪು ನೆಟ್ಟ ವರ್ಷ, ಕೆರೆ ಕೊನೆಯದಾಗಿ ತುಂಬಿದ ವರ್ಷ, ಹೊಲದಲ್ಲಿ ರಾಗಿ ನಿಂತ ವರ್ಷ, ಮನೆಯ ಕರೆಯುವ ದನ ಮಾರಿದ ವರ್ಷ ಇಷ್ಟನ್ನು ಕೇಳಿ ಗುರುತಿಸಿಕೊಂಡರೆ, ಯಾವ ಇಲಾಖೆಯ ಕಡತದಲ್ಲಿಯೂ ಒಟ್ಟಿಗೆ ದೊರೆಯದ ಎರಡು ಲೆಕ್ಕಗಳು ಒಂದೇ ಹಾಳೆಯ ಮೇಲೆ ದೊರೆಯುತ್ತವೆ. ಇದಕ್ಕೆ ಬೇಕಾದುದು ದಂತವೈದ್ಯರೊಬ್ಬರ ನೆರವು, ಊರಿನವರ ಒಪ್ಪಿಗೆ, ಮತ್ತು ಬೇಸಗೆಯ ರಜೆಯ ಕೆಲವು ವಾರಗಳು.